ಮಾಡುವ ಕ್ರಮ, ಬಡಿಸುವ ಕ್ರಮ

ಹಬ್ಬದ ಅಡುಗೆಯನ್ನು ಒಂದು ಸಲವಾದರೂ ಒಬ್ಬಳೇ ನಿಂತು ಮಾಡಿದ ಹೆಂಗಸಿಗೆ ಒಂದು ಗುಟ್ಟು ತಾನಾಗಿಯೇ ತಿಳಿದಿರುತ್ತದೆ. ಮಾಡುವ ಕ್ರಮವೇ ಬೇರೆ, ಬಡಿಸುವ ಕ್ರಮವೇ ಬೇರೆ. ಎಲೆಗೆ ಮೊದಲು ಬೀಳುವುದು ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಆಮೇಲೆ ಪಲ್ಯ, ಅನ್ನ, ತೊವ್ವೆ, ಸಾರು. ಒಲೆಯ ಮುಂದೆಯೂ ಇದೇ ಕ್ರಮ ಹಿಡಿದು ಕೂತರೆ ಮಧ್ಯಾಹ್ನದ ಊಟ ದೀಪ ಹಚ್ಚುವ ಹೊತ್ತಿಗಾದೀತು. ಅದಕ್ಕೇ ನಾವು ಕಡಲೆಬೇಳೆಯನ್ನು ಬೇಯಲು ಇಟ್ಟು, ಅದು ಬೇಯುವಷ್ಟರಲ್ಲಿ ಕಣಕ ಕಲಸಿ ನೆನೆಯಲು ಬಿಟ್ಟು, ಇನ್ನೊಂದು ಒಲೆಯ ಮೇಲೆ ಪಲ್ಯಕ್ಕೆ ಒಗ್ಗರಣೆ ಹಾಕಿ, ನಡುವೆ ಕಾಯಿ ತುರಿದು ಮುಗಿಸಿರುತ್ತೇವೆ. ಆದರೆ ಒಬ್ಬಟ್ಟಿನ ಸಾರಿಗೆ ಮಾತ್ರ ಕೈ ಹಚ್ಚುವಂತಿಲ್ಲ. ಬೇಳೆ ಬೇಯದೆ ಕಟ್ಟು ಇಲ್ಲ, ಕಟ್ಟು ಇಲ್ಲದೆ ಸಾರಿಲ್ಲ. ಯಾವುದು ಯಾವುದಕ್ಕಾಗಿ ಕಾಯಲೇಬೇಕು, ಯಾವುದು ಕಾಯಬೇಕಾಗಿಲ್ಲ ಎಂಬ ಲೆಕ್ಕ ತಲೆಯಲ್ಲಿ ಸದಾ ಓಡುತ್ತಲೇ ಇರುತ್ತದೆ. ಇದನ್ನು ಯಾರೂ ವಿದ್ಯೆ ಎಂದು ಕರೆದದ್ದಿಲ್ಲ.

ಇದೇ ಲೆಕ್ಕವನ್ನು ಯಂತ್ರಕ್ಕೆ ಕಲಿಸಲು ದೊಡ್ಡ ದೊಡ್ಡ ಮೇಧಾವಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಕಥೆಯೊಂದಿದೆ. ಅದರಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಾಕೆ ನನ್ನ ಹಾಗೆಯೇ ಶಾಲೆಯ ಟೀಚರಾಗಿದ್ದವಳು. ಇನ್ನೊಬ್ಬಾಕೆ ತಾನು ಹೆಂಗಸು ಎಂದು ಹೇಳಿಕೊಂಡದ್ದಕ್ಕೇ ಕೆಲಸ ಕಳೆದುಕೊಂಡವಳು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ಪಾಣಿಪತ್ತಿನ ಯುದ್ಧ ಎಷ್ಟು ಸಲ ಆಯಿತು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು. ಕಂಪ್ಯೂಟರಿನ ಒಳಗಿನ ವಿಚಾರ ನನ್ನ ಪಾಲಿಗೆ ಬಂದದ್ದು ತಂಗಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸ ಮಾಡುತ್ತಾಳೆ. ರಜೆಗೆ ಬಂದಾಗಲೊಮ್ಮೆ, "ದೊಡ್ಡಮ್ಮ, ನೀವು ಒಲೆ ಮುಂದೆ ಮಾಡೋದನ್ನೇ ನಮ್ಮ ಪ್ರೊಸೆಸರೂ ಮಾಡೋದು. ಅದಕ್ಕೆ ನಾವು ದೊಡ್ಡ ದೊಡ್ಡ ಹೆಸರಿಟ್ಟಿದ್ದೀವಿ ಅಷ್ಟೆ" ಅಂದಳು. ಇತಿಹಾಸದ ಟೀಚರಿಗೆ ಅಷ್ಟು ಸಾಕು. ಮೊದಲು ಮಾಡಿದವರು ಯಾರು, ಯಾವ ವರ್ಷ, ಯಾವ ಊರು ಎಂದು ಹುಡುಕುತ್ತಾ ಹೋದೆ.

ಮೊದಲು ಪ್ರೊಸೆಸರ್ ಎಂದರೇನು ಎಂಬುದನ್ನು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ಅದು ಕಂಪ್ಯೂಟರಿನ ಮಿದುಳು. ಅದಕ್ಕೆ ನಾವು ಕೊಡುವುದು ಆಜ್ಞೆಗಳ ಒಂದು ಉದ್ದನೆಯ ಪಟ್ಟಿ. ಒಂದೊಂದು ಆಜ್ಞೆಯೂ ತೀರಾ ಸಣ್ಣದು: ಈ ಅಂಕಿಯನ್ನು ತಾ, ಆ ಅಂಕಿಗೆ ಕೂಡು, ಎರಡರಲ್ಲಿ ಯಾವುದು ದೊಡ್ಡದು ನೋಡು. ಇವೆಲ್ಲ ಒಂದು ಗಡಿಯಾರದ ಪೆಟ್ಟಿಗೆ ನಡೆಯುತ್ತವೆ, ಭಜನೆಗೆ ತಾಳವಿದ್ದ ಹಾಗೆ. ಮೂರು ಗಿಗಾಹರ್ಟ್ಸ್ ಎಂದು ಅಂಗಡಿಯವನು ಹೇಳುತ್ತಾನಲ್ಲ, ಅದರರ್ಥ ಒಂದು ಸೆಕೆಂಡಿಗೆ 300 ಕೋಟಿ ಪೆಟ್ಟು.

ಹಿಂದೆ ಒಂದು ಆಜ್ಞೆ ಮುಗಿಯಲು ಹಲವು ಪೆಟ್ಟು ಬೇಕಾಗುತ್ತಿತ್ತು. ಆಮೇಲೆ ಬಟ್ಟೆ ಒಗೆಯುವ ಉಪಾಯ ಬಂತು. ಒಂದು ಸೀರೆ ಹರವುವಾಗ ಇನ್ನೊಂದು ಜಾಲಿಸುತ್ತಿರುತ್ತದೆ, ಮತ್ತೊಂದು ಕಲ್ಲಿನ ಮೇಲಿರುತ್ತದೆ, ಮಗದೊಂದು ಬಕೆಟ್ಟಿನಲ್ಲಿ ನೆನೆಯುತ್ತಿರುತ್ತದೆ. ಆಜ್ಞೆಗಳೂ ಹೀಗೆ ಸಾಲಾಗಿ ಸಾಗಿದರೆ ಪೆಟ್ಟಿಗೊಂದು ಆಜ್ಞೆ ಮುಗಿದು ಹೊರಬರುತ್ತದೆ. ಆದರೆ ಸಾಲು ಒಂದೇ ಇದ್ದರೆ ಪೆಟ್ಟಿಗೆ ಒಂದಕ್ಕಿಂತ ಹೆಚ್ಚು ಎಂದೂ ಬರಲಾರದು. ಎರಡು, ನಾಲ್ಕು, ಏಳು ಬರಬೇಕಾದರೆ? ಸಾಲುಗಳನ್ನು ಹೆಚ್ಚಿಸಬಹುದು, ಒಲೆಗಳನ್ನು ಹೆಚ್ಚಿಸಬಹುದು. ಆದರೆ ಕಟ್ಟಿಗಾಗಿ ಕಾಯುವ ಸಾರನ್ನು ಏನು ಮಾಡುವುದು? ತೊಡಕು ಇದ್ದದ್ದು ಇಲ್ಲೇ.

1963ರ ಅಮೆರಿಕಕ್ಕೆ ಹೋಗೋಣ. ಕಂಟ್ರೋಲ್ ಡೇಟಾ ಎಂಬ ಕಂಪನಿಯಲ್ಲಿ ಸೀಮೋರ್ ಕ್ರೇ ಎಂಬ ಎಂಜಿನಿಯರು ತನ್ನ ಸಣ್ಣ ತಂಡ ಕಟ್ಟಿಕೊಂಡು ಸಿಡಿಸಿ 6600 ಎಂಬ ಕಂಪ್ಯೂಟರನ್ನು ರೂಪಿಸಿದ್ದ. ಅದರಲ್ಲಿ ಕೂಡಲು, ಗುಣಿಸಲು, ಭಾಗಿಸಲು ಹೀಗೆ ಬೇರೆ ಬೇರೆ ಕೆಲಸಕ್ಕೆ 10 ಪ್ರತ್ಯೇಕ ಘಟಕಗಳಿದ್ದವು, ಅಂದರೆ ಹತ್ತು ಒಲೆ. ಯಾವ ಒಲೆ ಖಾಲಿ, ಯಾವುದು ಯಾವುದಕ್ಕೆ ಕಾಯುತ್ತಿದೆ ಎಂದು ಬರೆದಿಡಲು ಯಂತ್ರದೊಳಗೇ ಒಂದು ಲೆಕ್ಕದ ಹಲಗೆ ಇತ್ತು. ಆದರೂ ಅದು ಪೆಟ್ಟಿಗೆ ಒಂದೇ ಆಜ್ಞೆಯನ್ನು ಒಲೆಗೆ ಕಳಿಸುತ್ತಿತ್ತು. ಅಷ್ಟಕ್ಕೇ ಅದು ಆ ಕಾಲದ ಅತಿ ವೇಗದ ಕಂಪ್ಯೂಟರ್ ಆಯಿತು. ಇದನ್ನು ಕೇಳಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಜೂನಿಯರ್‌ಗೆ ಹೊಟ್ಟೆ ಉರಿಯಿತು. ಆ ಪ್ರಯೋಗಾಲಯದಲ್ಲಿ ಕಸ ಗುಡಿಸುವವನೂ ಸೇರಿ ಬರೀ 34 ಜನ. ಇಷ್ಟು ದೊಡ್ಡ ನಮ್ಮ ಕಂಪನಿ ಹಿಂದೆ ಬಿದ್ದದ್ದು ಹೇಗೆ ಎಂದು ಕೇಳಿ ತನ್ನ ಅಧಿಕಾರಿಗಳಿಗೆ ಪತ್ರ ಬರೆದ. ಅದು 1963ರ ಆಗಸ್ಟ್ ತಿಂಗಳು. ಎಲ್ಲರನ್ನೂ ಮೀರಿಸುವ ಯಂತ್ರ ಕಟ್ಟಬೇಕೆಂದು ಐಬಿಎಂ ಒಂದು ತಂಡ ಕೂಡಿಸಿತು. ಆ ಯೋಜನೆಗೆ ಮುಂದೆ ಎಸಿಎಸ್ ಎಂದು ಹೆಸರಾಯಿತು. 1965ರಲ್ಲಿ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಪೆಟ್ಟಿಗೆ ಏಳು ಆಜ್ಞೆಗಳವರೆಗೆ ಕಳಿಸಬಲ್ಲ ಯಂತ್ರ ಅವರ ಕಾಗದದ ಮೇಲೆ ಮೂಡತೊಡಗಿತು.

ಈ ಯೋಜನೆಯಲ್ಲಿದ್ದವಳು ಫ್ರಾನ್ಸೆಸ್ ಆ್ಯಲನ್. ಎಲ್ಲರೂ ಫ್ರಾನ್ ಎನ್ನುತ್ತಿದ್ದರು. 1932ರಲ್ಲಿ ನ್ಯೂಯಾರ್ಕ್ ರಾಜ್ಯದ ಪೆರು ಎಂಬ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವಳು, ಆರು ಮಕ್ಕಳಲ್ಲಿ ಹಿರಿಯಳು. ಶಿಕ್ಷಕರ ಕಾಲೇಜಿನಲ್ಲಿ ಗಣಿತ ಓದಿ ತನ್ನೂರಿನ ಶಾಲೆಯಲ್ಲೇ ಎರಡು ವರ್ಷ ಪಾಠ ಹೇಳಿದಳು. ಮುಂದೆ ಎಂ.ಎಸ್ಸಿ.ಗಾಗಿ ಸಾಲವಾಯಿತು. ಸಾಲ ತೀರಿಸುವಷ್ಟು ದಿನ ಮಾತ್ರ ಇರೋಣ, ಆಮೇಲೆ ಶಾಲೆಗೆ ಮರಳೋಣ ಎಂದುಕೊಂಡು 1957ರಲ್ಲಿ ಐಬಿಎಂ ಸೇರಿದಳು. ಅಲ್ಲಿ ಕೊಟ್ಟ ಮೊದಲ ಕೆಲಸವೂ ಪಾಠ ಹೇಳುವುದೇ. ಫೋರ್ಟ್ರಾನ್ ಎಂಬ ಹೊಸ ಭಾಷೆಯನ್ನು ಅಲ್ಲಿನ ವಿಜ್ಞಾನಿಗಳಿಗೇ ಕಲಿಸಬೇಕಿತ್ತು. ಸಾಲ ತೀರಿತು, ಆಕೆ ಮರಳಲಿಲ್ಲ. 45 ವರ್ಷ ಅಲ್ಲೇ ಉಳಿದಳು.

ಫ್ರಾನ್ ಹಿಡಿದದ್ದು ಹಿಂದಿನ ರಾತ್ರಿಯೇ ಯೋಜನೆ ಹಾಕುವ ದಾರಿ. ನಾವು ಬರೆಯುವ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಅನುವಾದಿಸುವ ಒಂದು ಸಾಧನವಿದೆ. ಅದಕ್ಕೆ ಕಂಪೈಲರ್ ಎನ್ನುತ್ತಾರೆ. ಅದು ಅನುವಾದ ಮಾಡುವಾಗಲೇ ಪಟ್ಟಿಯನ್ನೆಲ್ಲ ಓದಿ, ಯಾವ ಆಜ್ಞೆ ಯಾವುದರ ಮೇಲೆ ನಿಂತಿದೆ ಎಂದು ಕಂಡುಕೊಂಡು, ಅರ್ಥ ಕೆಡದ ಹಾಗೆ ಅವುಗಳನ್ನು ಹಿಂದೆ ಮುಂದೆ ಜೋಡಿಸಿದರೆ ಯಂತ್ರದ ಒಲೆಗಳು ಖಾಲಿ ಉರಿಯುವುದಿಲ್ಲ. ಜಾನ್ ಕಾಕ್ ಎಂಬ ಸಹೋದ್ಯೋಗಿಯ ಜೊತೆ ಆಕೆ ಕಟ್ಟಿದ ಈ ವಿದ್ಯೆ ಇಂದು ಪ್ರತಿಯೊಂದು ಕಂಪೈಲರಿನಲ್ಲೂ ಇದೆ.

ಆದರೆ ರಾತ್ರಿ ಹಾಕಿದ ಯೋಜನೆಯೆಲ್ಲ ಬೆಳಿಗ್ಗೆ ನಡೆದೀತೆ? ಹಾಲಿನವನು ತಡವಾಗಿ ಬರುತ್ತಾನೆ, ಗ್ಯಾಸು ಮುಗಿಯುತ್ತದೆ. ಯಂತ್ರದಲ್ಲೂ ಹಾಗೆಯೇ, ದೂರದ ನೆನಪಿನ ಕೋಶದಿಂದ ಬರಬೇಕಾದ ಅಂಕಿ ಬೇಗ ಬಂದೀತೋ ತಡವಾದೀತೋ ಮೊದಲೇ ಹೇಳಲಾಗದು. ಅದಕ್ಕೆ ಒಲೆಯ ಮುಂದೆ ನಿಂತವಳಿಗೇ ಜಾಣತನ ಬೇಕು. ಆ ಜಾಣತನವನ್ನು ಯಂತ್ರಕ್ಕೆ ಕೊಡುವ ದಾರಿ ಕಂಡವಳು ಲಿನ್ ಕಾನ್ವೇ.

ಲಿನ್ 1938ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದಳು. ಗಂಡುಮಗುವೆಂದು ಹೆಸರಿಟ್ಟು ಬೆಳೆಸಿದರು. ತಾನು ಗಂಡಲ್ಲ ಎಂಬುದು ಆಕೆಗೆ ಚಿಕ್ಕಂದಿನಿಂದಲೇ ಗೊತ್ತಿತ್ತು, ಹೇಳಿದರೆ ಕೇಳುವವರಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ 1964ರಲ್ಲಿ, ಗಂಡಸಿನ ಹೆಸರಿನಲ್ಲೇ, ಐಬಿಎಂ ಸೇರಿದಳು. ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳೂ ಆದರು.

ಎಸಿಎಸ್ ತಂಡದಲ್ಲಿ ಆಕೆ ಕಂಡ ಉಪಾಯ ಹೀಗಿತ್ತು. ಬರುವ ಆಜ್ಞೆಗಳನ್ನು ಒಂದು ಕೋಣೆಯಲ್ಲಿ ಕಾಯಿಸುವುದು. ಪ್ರತಿಯೊಂದೂ ತನಗಿಂತ ಮುಂಚೆ ಬಂದು ಇನ್ನೂ ಮುಗಿಯದ ಯಾವ ಆಜ್ಞೆಗೆ ತಗಲಿಕೊಂಡಿದೆ ಎಂದು ಚೌಕಟ್ಟಿನ ಒಂದು ಪಟ್ಟಿಯಲ್ಲಿ ಗುರುತು ಹಾಕುವುದು. ಪ್ರತಿ ಪೆಟ್ಟಿಗೂ ಆ ಪಟ್ಟಿಯನ್ನು ಒಮ್ಮೆಲೇ ನೋಡಿ, ಯಾವ ತಗಲೂ ಇಲ್ಲದವನ್ನೆಲ್ಲ ಒಟ್ಟಿಗೆ ಒಲೆಗೆ ಕಳಿಸುವುದು. ಹಿಂದೆ ಬಂದದ್ದು ಮುಂದೆ ಹೋದರೂ ಅಡ್ಡಿಯಿಲ್ಲ. ಕೇಳಲು ಸರಳ, ಒಂದೇ ಪೆಟ್ಟಿನೊಳಗೆ ಇಷ್ಟನ್ನೂ ತಂತಿಗಳಲ್ಲಿ ಮಾಡಿ ತೋರಿಸುವುದು ಸರಳವಲ್ಲ. ಲಿನ್ ಮತ್ತು ಮೂವರು ಸಂಗಡಿಗರು ಇದನ್ನು ಬರೆದಿಟ್ಟರು. ಆ ಕಾಗದದ ತಾರೀಕು 1966ರ ಫೆಬ್ರವರಿ 23. ಅದು ಕಂಪನಿಯ ಒಳಗಿನ ಗುಟ್ಟಿನ ಕಾಗದ, ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ.

ಎರಡು ವರ್ಷ ಕಳೆಯಿತು. ಗಂಡಿನ ವೇಷದಲ್ಲಿ ಬದುಕು ಸಾಗದು ಎಂದು ಲಿನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಂಗಸಾಗಿ ಬಾಳಲು ನಿಶ್ಚಯಿಸಿ, ಕಂಪನಿಗೆ ತಿಳಿಸಿದಳು. ಸುದ್ದಿ ಹೊರಗೆ ಹೋದೀತೆಂದು ಹೆದರಿದ ಐಬಿಎಂ 1968ರಲ್ಲಿ ಆಕೆಯನ್ನು ಕೆಲಸದಿಂದ ತೆಗೆದುಹಾಕಿತು. ಕೆಲಸ ಹೋಯಿತು, ಸಂಸಾರ ಮುರಿಯಿತು, ಮಕ್ಕಳ ಮುಖ ನೋಡದೆ ವರ್ಷಗಟ್ಟಲೆ ಕಳೆಯಬೇಕಾಯಿತು. ಮರುವರ್ಷ, 1969ರಲ್ಲಿ, ಎಸಿಎಸ್ ಯೋಜನೆಯನ್ನೇ ಕಂಪನಿ ಕೈಬಿಟ್ಟಿತು. ಏಳು ಒಲೆಯ ಆ ಅಡುಗೆಮನೆ ಕಾಗದದ ಮೇಲೇ ಉಳಿಯಿತು.

ಇಲ್ಲಿಗೆ ಬಂದಾಗ ನನಗೆ ಕರುಳು ಚುರ್ ಎಂದದ್ದು ಒಂದು ಸಣ್ಣ ವಿಷಯಕ್ಕೆ. ಹೊಸ ಹೆಸರಿನಲ್ಲಿ ಹೊಸ ಬದುಕು ಆರಂಭಿಸಿದ ಲಿನ್, ಹಳೆಯ ಕೆಲಸದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಹಳೆಯ ಹೆಸರು ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಐಬಿಎಂನಲ್ಲಿ ಮಾಡಿದ್ದೆಲ್ಲ ತನ್ನದಲ್ಲ ಎಂಬಂತೆ, ಹೊಸಬಳ ಹಾಗೆ ಗುತ್ತಿಗೆಯ ಪ್ರೋಗ್ರಾಮರ್ ಕೆಲಸದಿಂದ ಶುರು ಮಾಡಿದಳು.

ನಮ್ಮಲ್ಲಿ ಹೆಸರು ಬದಲಾಗುವುದಕ್ಕೆ ಅಷ್ಟು ದೊಡ್ಡ ಕಾರಣ ಬೇಕಾಗಿಲ್ಲ, ಒಂದು ತಾಳಿ ಸಾಕು. ನನ್ನ ಬಿ.ಎ. ಪದವಿ ತಂದೆಯ ಹೆಸರಿನ ಇನಿಷಿಯಲ್‌ನಲ್ಲಿದೆ, ಬಿ.ಎಡ್. ಗಂಡನ ಹೆಸರಿನ ಜೊತೆಗಿದೆ. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಎರಡನ್ನೂ ಪಕ್ಕಪಕ್ಕ ಇಟ್ಟು, "ಇವರಿಬ್ಬರೂ ನೀವೇ ಅನ್ನೋದಕ್ಕೆ ಏನಮ್ಮಾ ಸಾಕ್ಷಿ?" ಎಂದು ಕೇಳಿದ್ದರು. ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನಾನೇ ನಾನು ಎಂದು ಪ್ರಮಾಣ ಮಾಡಿ ಕೊಟ್ಟೆ. ನನ್ನ ಕಷ್ಟವೂ ಲಿನ್ ಕಷ್ಟವೂ ಒಂದೇ ಎಂದು ನಾನು ಹೇಳುತ್ತಿಲ್ಲ, ಅದು ಬೆಟ್ಟ, ಇದು ಹರಳು. ಆದರೂ ಮದುವೆಗೆ ಮುಂಚೆ ಓಟದಲ್ಲಿ ಗೆದ್ದ ಕಪ್ಪು, ವೀಣೆಯ ಪರೀಕ್ಷೆಯ ಸರ್ಟಿಫಿಕೇಟು ಬೇರೆ ಯಾರದ್ದೋ ಎಂಬಂತೆ ತವರಿನ ಅಟ್ಟದಲ್ಲಿ ಬಿದ್ದಿರುವುದು ನಮ್ಮಲ್ಲಿ ಎಷ್ಟು ಮನೆಯ ಕಥೆಯಲ್ಲ, ಹೇಳಿ?

ಲಿನ್ ಮಾತ್ರ ಎರಡನೆಯ ಸಲವೂ ಎದ್ದು ನಿಂತಳು. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯ ಸೇರಿದಳು. ಕಾರ್ವರ್ ಮೀಡ್ ಎಂಬ ಪ್ರಾಧ್ಯಾಪಕನ ಜೊತೆ ಸೇರಿ ಒಂದು ಚಿಪ್ಪಿನ ಮೇಲೆ ಸಾವಿರಾರು ಟ್ರಾನ್ಸಿಸ್ಟರ್ ಜೋಡಿಸುವ ವಿದ್ಯೆಯನ್ನು ವಿದ್ಯಾರ್ಥಿಗಳೂ ಕಲಿಯಬಹುದಾದ ಸರಳ ನಿಯಮಗಳಿಗೆ ಇಳಿಸಿದಳು. 1978ರಲ್ಲಿ ಎಂಐಟಿಯಲ್ಲಿ ಅದರ ಪಾಠ ಮಾಡಿದಳು. 1980ರ ಅವರ ಪುಸ್ತಕ ಜಗತ್ತಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೆಲ್ಲ ಪಠ್ಯವಾಯಿತು. 1985ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು. ಇಷ್ಟಾದರೂ ಮೊದಲ ಅರ್ಧ ಬದುಕಿಗೆ ಬೀಗ ಹಾಕಿಯೇ ಇತ್ತು.

ಅಷ್ಟರಲ್ಲಿ ಪೆಟ್ಟಿಗೆ ಹಲವು ಆಜ್ಞೆಯ ವಿಚಾರ ಬೇರೆ ದಾರಿಗಳಿಂದ ಮತ್ತೆ ತಲೆ ಎತ್ತಿತು. ಐಬಿಎಂನಲ್ಲೇ ರಾಬರ್ಟ್ ಟೊಮಸುಲೊ ಎಂಬಾತ 1967ರಲ್ಲಿ ಇನ್ನೊಂದು ಯಂತ್ರಕ್ಕಾಗಿ ಒಂದು ಉಪಾಯವನ್ನು ಪ್ರಕಟಿಸಿದ್ದ. ಒಂದೇ ಪಾತ್ರೆಗಾಗಿ ಎರಡು ಅಡುಗೆ ಜಗಳವಾಡಿದರೆ, ಹಳೆಯದು ಖಾಲಿಯಾಗಲಿ ಎಂದು ಕಾಯದೆ ಇನ್ನೊಂದು ಪಾತ್ರೆ ತೆಗೆದುಕೊಟ್ಟು ಅದಕ್ಕೂ ಅದೇ ಹೆಸರಿಡುವುದು. ಅಚ್ಚಾಗಿದ್ದರಿಂದ ಅದು ಮುಂದಿನವರ ಕೈಗೆ ಸಿಕ್ಕಿತು. 1987ರಲ್ಲಿ ನಮ್ಮ ಭಾರತದವರೇ ಆದ ತಿಲಕ್ ಅಗರ್‌ವಾಲಾ, ಜಾನ್ ಕಾಕ್ ಜೊತೆ ಬರೆದ ವರದಿಯಲ್ಲಿ ಈ ಬಗೆಯ ಯಂತ್ರಕ್ಕೆ ಸೂಪರ್‌ಸ್ಕೇಲರ್ ಎಂಬ ಹೆಸರು ಕೊಟ್ಟರು. 1990ರಲ್ಲಿ ಐಬಿಎಂನ ಆರ್‌ಎಸ್ 6000 ಬಂತು. 1993ರಲ್ಲಿ ಇಂಟೆಲ್‌ನ ಪೆಂಟಿಯಂ ಬಂತು. ಅದನ್ನು ರೂಪಿಸಿದ ತಂಡದ ಮುಂದಾಳುಗಳಲ್ಲಿ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಒಬ್ಬರು. 31 ಲಕ್ಷ ಟ್ರಾನ್ಸಿಸ್ಟರ್‌ಗಳ ಆ ಚಿಪ್ಪಿನಲ್ಲಿ ಎರಡು ಸಾಲು, ಪೆಟ್ಟಿಗೆ ಎರಡು ಆಜ್ಞೆ. ಆದರೆ ಬಂದ ಕ್ರಮದಲ್ಲೇ ಹೋಗಬೇಕು. 1995ರ ಪೆಂಟಿಯಂ ಪ್ರೊ ಆ ಕಟ್ಟನ್ನೂ ಮುರಿಯಿತು. ಒಳಗೆ ಯಾವುದು ಸಿದ್ಧವೋ ಅದು ಮೊದಲು. ಹೊರಗೆ ಫಲಿತಾಂಶ ಒಪ್ಪಿಸುವುದು ಮಾತ್ರ ಪಟ್ಟಿಯ ಕ್ರಮದಲ್ಲೇ. ಮಾಡುವ ಕ್ರಮ ಬೇರೆ, ಬಡಿಸುವ ಕ್ರಮ ಬೇರೆ! ಉಣ್ಣಲು ಕೂತವನಿಗೆ ಒಳಗಿನ ಗಡಿಬಿಡಿ ಗೊತ್ತಾಗಕೂಡದು. 2020ರಲ್ಲಿ ಬಂದ ಆಪಲ್‌ನ ಎಂ1 ಚಿಪ್ಪು ಒಂದು ಪೆಟ್ಟಿಗೆ ಎಂಟು ಆಜ್ಞೆಗಳನ್ನು ಬಿಡಿಸಿ ನೋಡಬಲ್ಲದು.

ನಮ್ಮ ಬೆಂಗಳೂರಿನ ಕೈಯೂ ಈ ಕಥೆಯಲ್ಲಿದೆ. 2008ರಲ್ಲಿ ಬಂದ ಇಂಟೆಲ್‌ನ ಕ್ಸಿಯಾನ್ 7400 ಎಂಬ, 190 ಕೋಟಿ ಟ್ರಾನ್ಸಿಸ್ಟರ್‌ಗಳ ಚಿಪ್ಪನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. ಅದರಲ್ಲಿ ಇಂಥ ಮಿದುಳುಗಳು ಆರು. ಒಂದೊಂದು ಮಿದುಳೂ ಪೆಟ್ಟಿಗೆ ಹಲವು ಆಜ್ಞೆ ನಡೆಸುವಂಥದ್ದೇ.

ಜಾಣತನ ಹೆಚ್ಚಾದರೆ ಅದರದ್ದೇ ಅಪಾಯವೂ ಇದೆ. ಬಂದ ನೆಂಟರು ಕಾಫಿ ಎನ್ನುತ್ತಾರೋ ಟೀ ಎನ್ನುತ್ತಾರೋ ಎಂದು ಕಾಯದೆ, ದಿನವೂ ಕಾಫಿಯೇ ಅಲ್ಲವೇ ಎಂದು ಬೆರೆಸಿಬಿಡುವವರಿದ್ದಾರೆ. ಊಹೆ ತಪ್ಪಿದರೆ ಚೆಲ್ಲಿ ಬೇರೆ ಮಾಡುತ್ತಾರೆ. ಈಗಿನ ಪ್ರೊಸೆಸರುಗಳೂ ಮುಂದಿನ ದಾರಿಯನ್ನು ಹೀಗೇ ಊಹಿಸಿ ಕೆಲಸ ಮಾಡಿಟ್ಟಿರುತ್ತವೆ, ತಪ್ಪಿದರೆ ಅಳಿಸಿಬಿಡುತ್ತವೆ. ಚೆಲ್ಲಿದರೂ ಕಾಫಿಯ ಘಮ ಉಳಿಯುತ್ತದಲ್ಲ! 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಎರಡು ದೋಷಗಳು ಬಹಿರಂಗವಾದವು. ಅಳಿಸಿಹಾಕಿದ ಕೆಲಸವೂ ಚಿಪ್ಪಿನ ಸಮೀಪದ ನೆನಪಿನಲ್ಲಿ ಸುಳಿವು ಬಿಟ್ಟಿರುತ್ತದೆ, ಆ ಘಮ ಹಿಡಿದು ಗುಟ್ಟಿನ ಮಾಹಿತಿ ಕದಿಯಬಹುದು ಎಂದು ಗೊತ್ತಾಯಿತು. ಲೋಕದ ಕಂಪ್ಯೂಟರುಗಳಿಗೆಲ್ಲ ತುರ್ತು ತೇಪೆ ಹಾಕಬೇಕಾಯಿತು.

ಇನ್ನು ಲಿನ್ ಕಾನ್ವೇ ಬೀಗ ತೆಗೆದ ಬಗೆ. 1998ರ ಕೊನೆಯ ಹೊತ್ತಿಗೆ ಕ್ಲೆಮ್ಸನ್ ವಿಶ್ವವಿದ್ಯಾಲಯದ ಮಾರ್ಕ್ ಸ್ಮದರ್‌ಮನ್ ಎಂಬ ಪ್ರಾಧ್ಯಾಪಕ, ಮರೆತುಹೋದ ಎಸಿಎಸ್ ಯಂತ್ರದ ಇತಿಹಾಸವನ್ನು ಕೆದಕುತ್ತಿದ್ದ. ಅದು ಲಿನ್ ಕಣ್ಣಿಗೆ ಬಿತ್ತು. ಸುಮ್ಮನಿದ್ದರೆ ತಾನು ಮಾಡಿದ್ದು ಯಾರದ್ದೂ ಅಲ್ಲದ ಕೆಲಸವಾಗಿ ಉಳಿಯುತ್ತದೆ. ಹೇಳಿದರೆ 30 ವರ್ಷ ಕಾಪಾಡಿದ ಗುಟ್ಟು ಬಯಲಾಗುತ್ತದೆ. ಆಕೆ ಹೇಳಿದಳು. ಬರೀ ಬಾಯಿಮಾತಲ್ಲ. ಕೆಲಸ ಕಳೆದುಕೊಂಡು ಹೊರಬಿದ್ದ ಮೇಲೂ, ಊರೂರು ಬದಲಾಯಿಸಿದರೂ, ಆ ಯೋಜನೆಯ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. 1966ರ ಫೆಬ್ರವರಿ 23ರ ಕಾಗದ ಸಾಕ್ಷಿ ನುಡಿಯಿತು.

ಆಮೇಲೆ ಮನ್ನಣೆಗಳು ಒಂದೊಂದಾಗಿ ಬಂದವು. ಕಂಪ್ಯೂಟರ್ ಲೋಕದ ನೊಬೆಲ್ ಎನಿಸಿದ ಟ್ಯೂರಿಂಗ್ ಪ್ರಶಸ್ತಿಯ 2006ನೇ ಸಾಲಿನ ಗೌರವ ಫ್ರಾನ್ ಆ್ಯಲನ್‌ಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆಕೆಯೇ. 1966ರಿಂದ ಕೊಡುತ್ತಿದ್ದ ಪ್ರಶಸ್ತಿ ಒಬ್ಬ ಹೆಂಗಸನ್ನು ತಲುಪಲು 40 ವರ್ಷ ಬೇಕಾಯಿತು. 2009ರಲ್ಲಿ ಲಿನ್‌ಗೆ ಐಇಇಇ ಸಂಸ್ಥೆಯ ಕಂಪ್ಯೂಟರ್ ಪ್ರವರ್ತಕ ಪ್ರಶಸ್ತಿ ಬಂತು. ಅದರಲ್ಲಿ ಈ ಹಳೆಯ ಕೆಲಸವನ್ನೂ ಹೆಸರಿಸಿದ್ದರು. 2020ರಲ್ಲಿ, 52 ವರ್ಷಗಳ ಮೇಲೆ, ಐಬಿಎಂ ಆಕೆಯ ಕ್ಷಮೆ ಕೇಳಿ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು. ಆಗ ಆಕೆಗೆ 82 ವರ್ಷ. ಅದೇ ವರ್ಷ ಆಗಸ್ಟ್ 4ರಂದು ತನ್ನ 88ನೆಯ ಹುಟ್ಟುಹಬ್ಬದ ದಿನ ಫ್ರಾನ್ ತೀರಿಕೊಂಡಳು. ಲಿನ್ 2024ರ ಜೂನ್ 9ರಂದು ಹೋದಳು.

ಕ್ಷಮೆ ಕೇಳಿದ್ದರಿಂದ ಕಳೆದ 52 ವರ್ಷ ಬಂದೀತೆ ಎಂದು ನೀವು ಕೇಳಬಹುದು. ಬಾರದು. ಆದರೆ ಕ್ಷಮೆ ಕೇಳುವುದಕ್ಕಾದರೂ ಎದುರಿಗೆ ಒಂದು ದಾಖಲೆ ಬೇಕಾಯಿತು ಎಂಬುದನ್ನು ಇತಿಹಾಸದ ಟೀಚರಾಗಿ ನಾನು ಮರೆಯಲಾರೆ. ಶಾಸನವಿದ್ದ ರಾಜ ಉಳಿದ, ಇಲ್ಲದವನು ಅಳಿದ. ನಮ್ಮ ಪಾಲಿಗೆ ಕಲ್ಲು ಕೆತ್ತುವವರು ಯಾರೂ ಇಲ್ಲ. ಆದ್ದರಿಂದ ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಪರೀಕ್ಷೆಗೆ ಬಾರದ ಒಂದು ಪಾಠ ಹೇಳುತ್ತೇನೆ: ನೀವು ಬರೆದ ಭಾಷಣವಾಗಲಿ, ಹೊಲಿದ ರವಿಕೆಯ ಅಳತೆಯಾಗಲಿ, ಕಂಡುಹಿಡಿದ ಲೆಕ್ಕದ ಉಪಾಯವಾಗಲಿ, ಕೆಳಗೆ ಹೆಸರು ಬರೆಯಿರಿ, ತಾರೀಕು ಹಾಕಿ, ಒಂದು ಟ್ರಂಕಿನಲ್ಲಿಡಿ. ಹೆಸರು ಮುಂದೆ ಬದಲಾದೀತು, ಮನೆ ಬದಲಾದೀತು. ಟ್ರಂಕನ್ನು ಮಾತ್ರ ತವರಿನ ಅಟ್ಟದಲ್ಲಿ ಬಿಡದೆ ಜೊತೆಗೇ ಒಯ್ಯಿರಿ.